‘ಬಂದಿಲ್ಲ’ ಎಂದು ಬರೆದ ಕೈ



ನಮ್ಮ ಯರಗುಪ್ಪಿಯಲ್ಲಿ ರಕ್ತಹೀನತೆ ತಪಾಸಣೆ ಶಿಬಿರ ನಡೆದಾಗ ಹೆಸರು ಬರೆದುಕೊಳ್ಳುವ ಕೆಲಸ ನನ್ನದಾಗಿತ್ತು. ಸಮಯ ಬೆಳಿಗ್ಗೆ 11. ಕೇರಿಯ ಹೆಣ್ಣುಮಕ್ಕಳು ಮೆಣಸಿನಕಾಯಿ ಬಿಡಿಸಲು ಹೊಲಕ್ಕೆ ಹೋಗಿದ್ದರು. ಅವರ ಹೆಸರಿನ ಮುಂದೆ ‘ಬಂದಿಲ್ಲ’ ಎಂದು ಬರೆದೆ. ಸಂಜೆ ಅಕ್ಕ ಕೇಳಿದಳು: “ರಕ್ತಾ ತೋರಸಾಕ ಬಂದ್ರ ಅವತ್ತಿನ ಪಗಾರ ಯಾರ ಕೊಡ್ತಾರೋ ತಮ್ಮಾ?” ನನ್ನಲ್ಲಿ ಉತ್ತರವಿರಲಿಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ನೂರು ಮಹಿಳೆಯರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ. ಇದು ಸರಾಸರಿ. ಹೊಲದ ಒಡತಿಯೂ ಅದೇ ಹೊಲದ ಕೂಲಿಯವಳೂ ಇದರಲ್ಲಿ ಕೂಡಿಹೋಗಿದ್ದಾರೆ. ಒಡತಿ ಒಬ್ಬಳೇ ಗುಣವಾದರೂ ಅಂಕಿ ಇಳಿಯುತ್ತದೆ. ಅಕ್ಕ ಇದ್ದಲ್ಲೇ ಇರುತ್ತಾಳೆ. ಸಂಶೋಧನೆ ಮಾಡುವವರೂ ಯೋಜನೆ ರೂಪಿಸುವವರೂ ‘ಎಷ್ಟು ಮಂದಿಗೆ?’ ಎಂದಷ್ಟೇ ಕೇಳಿದರೆ ಸಾಲದು, ‘ಯಾರಿಗೆ?’ ಎಂದೂ ಕೇಳಬೇಕು.

ಅಕ್ಕನ ಪಗಾರದ ಪ್ರಶ್ನೆ ಹೊಸದಲ್ಲ. 1928ರಲ್ಲಿ, ಧಾರವಾಡವೂ ಸೇರಿದ್ದ ಮುಂಬಯಿ ಪ್ರಾಂತ್ಯದ ಶಾಸನ ಪರಿಷತ್ತಿನಲ್ಲಿ, ಬಾಬಾಸಾಹೇಬರು ಹೆರಿಗೆ ಸೌಲಭ್ಯ ಮಸೂದೆಯನ್ನು ಬೆಂಬಲಿಸಿದರು. ಬಾಣಂತಿಗೆ ವಿಶ್ರಾಂತಿಯ ಜೊತೆ ಹಣವನ್ನೂ ಕೊಡುವ ಮಸೂದೆ ಅದು. 1929ರಲ್ಲಿ ಕಾನೂನಾಯಿತು, ಆದರೆ ಕಾರ್ಖಾನೆಯ ಹೆಂಗಸರಿಗೆ ಮಾತ್ರ. ಹೊಲದವಳು ಹೊರಗೇ ಉಳಿದಳು.

ವಿನಯ ಪಿಟಕದಲ್ಲಿ ಒಂದು ಪ್ರಸಂಗವಿದೆ. ಹೊಟ್ಟೆ ಕೆಟ್ಟು ತನ್ನ ಹೇಸಿಗೆಯಲ್ಲೇ ಬಿದ್ದಿದ್ದ ಭಿಕ್ಷುವನ್ನು ಯಾರೂ ನೋಡಿಕೊಂಡಿರಲಿಲ್ಲ. ವಸತಿಗಳನ್ನು ಸುತ್ತುತ್ತಾ ಬಂದ ಬುದ್ಧರು ಅವನ ಬಳಿಗೇ ಹೋಗಿ, ಆನಂದರೊಂದಿಗೆ ಸೇರಿ ಮೈ ತೊಳೆದರು. ರೋಗಿ ತಮ್ಮಲ್ಲಿಗೆ ಬರಲೆಂದು ಕಾಯಲಿಲ್ಲ.

ಮುಂದಿನ ಶಿಬಿರ ಸಂಜೆ 7ಕ್ಕೆ, ಕೇರಿಯಲ್ಲೇ ಆಗಲೆಂದು ಪಂಚಾಯಿತಿಗೆ ಅರ್ಜಿ ಬರೆದಿದ್ದೇನೆ. ಯಾರಾರು ಸಹಿ ಹಾಕುತ್ತೀರಿ?

ಭವತು ಸಬ್ಬ ಮಂಗಲಂ.