ಮೌನ ಸಮ್ಮತಿಯೇ?

ಮೌನ ಸಮ್ಮತಿಯ ಲಕ್ಷಣ ಎಂಬ ಮಾತನ್ನು ಕೇಳುತ್ತಲೇ ಬೆಳೆದವರು ನಾವು. ಹೆಣ್ಣು ನೋಡುವ ದಿನ ಹುಡುಗಿ ತಲೆ ತಗ್ಗಿಸಿ ಕೂತರೆ ಸಾಕು, ಹಿರಿಯರು ತಾಂಬೂಲದ ತಟ್ಟೆ ಬದಲಾಯಿಸಿಬಿಡುತ್ತಿದ್ದರು. ತಗ್ಗಿಸಿದ್ದು ಒಪ್ಪಿಗೆಯಿಂದಲೋ, ಭಯದಿಂದಲೋ, ಏನೂ ತೋಚದೆಯೋ ಎಂದು ಕೇಳುವ ರೂಢಿಯಿರಲಿಲ್ಲ. ಮಾತಾಡದವರ ಮನಸ್ಸನ್ನು ‘ಹೌದು’ ಎಂದು ತಿಳಿಯಬೇಕೋ, ‘ಇಲ್ಲ’ ಎಂದು ತಿಳಿಯಬೇಕೋ? ನನ್ನನ್ನು ಈ ಪ್ರಶ್ನೆಗೆ ಮತ್ತೆ ಎಳೆದದ್ದು, ನೀವು ನಕ್ಕರೂ ಸರಿಯೇ, ನೀರಿನ ಟ್ಯಾಂಕಿಗೆ ಜೋಡಿಸಿದ ಒಂದು ಪುಟ್ಟ ದೀಪ.

ಆಲ್ಕೊಳದ ನಮ್ಮ ಮನೆಯಲ್ಲಿ ಓದಲೆಂದು ಉಳಿದಿರುವ ತಂಗಿಯ ಮಗನಿಗೆ ಎಲೆಕ್ಟ್ರಾನಿಕ್ಸ್ ಹುಚ್ಚು. ಟ್ಯಾಂಕು ತುಂಬಿ ನೀರು ಅಂಗಳಕ್ಕೆ ಸುರಿಯುವಾಗಲೆಲ್ಲ ನಾನು ಗೊಣಗುವುದನ್ನು ಕೇಳಿ, “ತಡಿ ದೊಡ್ಡಮ್ಮ, ತುಂಬಿದ ಕೂಡಲೇ ದೀಪ ಹತ್ತೋ ಹಾಗೆ ಮಾಡ್ತೀನಿ” ಎಂದ. 4011 ಎಂಬ 14 ಕಾಲಿನ ಐಸಿ ತಂದ. ಅದರೊಳಗೆ ನಾಲ್ಕು ಗೇಟುಗಳು. ಟ್ಯಾಂಕಿನ ತಳದ ತಂತಿಗೆ 5 ವೋಲ್ಟ್ ಕೊಟ್ಟು, ಮೇಲಿನ ಅಂಚಿನ ತಂತಿಯನ್ನು ಗೇಟಿಗೆ ಸೇರಿಸಿದ. ನೀರು ಮೇಲಿನ ತಂತಿಯನ್ನು ಮುಟ್ಟಿದರೆ ನೀರಿನ ಮೂಲಕವೇ ವಿದ್ಯುತ್ತು ಹರಿದು ಗೇಟಿಗೆ ‘ಒಂದು’ ಎಂಬ ಸುದ್ದಿ ಹೋಗುತ್ತದೆ, ದೀಪ ಹತ್ತುತ್ತದೆ. ಮುಟ್ಟದಿದ್ದರೆ ಏನೂ ಬರುವುದಿಲ್ಲ, ಅಂದರೆ ‘ಸೊನ್ನೆ’ ಎಂಬುದು ಅವನ ಲೆಕ್ಕ.

ಲೆಕ್ಕ ತಪ್ಪಿತು. ಟ್ಯಾಂಕು ತುಂಬಿದಾಗ ದೀಪ ಸರಿಯಾಗಿಯೇ ಹತ್ತಿತು. ಆದರೆ ಟ್ಯಾಂಕು ಬರಿದಾದಾಗಲೂ ಹತ್ತತೊಡಗಿತು. ಒಮ್ಮೆ ಹತ್ತುತ್ತಿತ್ತು, ಒಮ್ಮೆ ಆರುತ್ತಿತ್ತು. ನಾನು ಕಪಾಟು ಒರೆಸಲು ಕೈ ಚಾಚಿದರೆ ಮಿನುಗುತ್ತಿತ್ತು. “ಐಸಿನೇ ಕೆಟ್ಟದ್ದು” ಎಂದು ಅದನ್ನು ಬದಲಾಯಿಸಿದ. ಹೊಸದೂ ಹಾಗೆಯೇ ಆಡಿತು. ಚಾರ್ಜರು ಬದಲಾಯಿಸಿದ, ತಂತಿಗಳನ್ನೆಲ್ಲ ಬಿಚ್ಚಿ ಮತ್ತೆ ಚುಚ್ಚಿದ. ಕೊನೆಗೆ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ನೆಲದ ತಂತಿಗೆ, ಇನ್ನೊಂದನ್ನು ಗೇಟಿನ ಕಾಲಿಗೆ ಹಿಡಿದು ಅಳೆಯಲು ಹೋದರೆ, ದೀಪ ತಣ್ಣಗೆ ಆರಿತು! ಕಡ್ಡಿ ತೆಗೆದರೆ ಮತ್ತೆ ಚೇಷ್ಟೆ. ರೋಗಿಯು ವೈದ್ಯರ ಮುಂದೆ ಮಾತ್ರ ನೆಟ್ಟಗಾದಂತೆ.

ಅಲ್ಲೇ ಅವನಿಗೆ ಗುಟ್ಟು ಹೊಳೆಯಿತು. ನೀರಿಲ್ಲದಾಗ ಆ ತಂತಿ ಸೊನ್ನೆಗೂ ಸೇರಿಲ್ಲ, ಒಂದಕ್ಕೂ ಸೇರಿಲ್ಲ, ಸುಮ್ಮನೆ ತೇಲುತ್ತಿದೆ. 5 ವೋಲ್ಟಿನಲ್ಲಿ ಈ ಗೇಟು 1.5 ವೋಲ್ಟಿಗಿಂತ ಕೆಳಗಿನದನ್ನು ‘ಇಲ್ಲ’ ಎಂದೂ 3.5ಕ್ಕಿಂತ ಮೇಲಿನದನ್ನು ‘ಹೌದು’ ಎಂದೂ ಖಚಿತವಾಗಿ ಓದುತ್ತದೆ. ತೇಲುವ ತಂತಿ ಇವೆರಡರ ನಡುವೆ ಎಲ್ಲೋ ಅಲೆಯುತ್ತ, ಹತ್ತಿರ ಬಂದವರ ಕೈಯ, ಗೋಡೆಯೊಳಗಿನ ವೈರಿನ ಪ್ರಭಾವಕ್ಕೆ ಒಳಗಾಗುತ್ತದೆ. ಮೀಟರಿನ ಕಡ್ಡಿ ಅದಕ್ಕೆ ನಿಲ್ಲಲು ಒಂದು ನೆಲ ಕೊಟ್ಟಿತ್ತು, ಅಷ್ಟೇ.

ಹೌದು, ಇಲ್ಲಗಳಿಂದ ಒಂದು ಗಣಿತವನ್ನೇ ಕಟ್ಟಿ 1854ರಲ್ಲಿ ಪುಸ್ತಕವಾಗಿಸಿದ ಜಾರ್ಜ್ ಬೂಲ್ ಒಂದು ಕಾಲಕ್ಕೆ ನಮ್ಮಂತೆ ಶಾಲೆಯಲ್ಲಿ ಪಾಠ ಹೇಳಿದವನೇ. 1937ರಲ್ಲಿ ಅದನ್ನು ಸ್ವಿಚ್ಚುಗಳಿಗೆ ಒಗ್ಗಿಸಿದವನು ಕ್ಲಾಡ್ ಶಾನನ್. ಅವರ ಕಾಗದದ ಮೇಲೆ ಉತ್ತರಗಳು ಎರಡೇ. ನಮ್ಮ ಕಪಾಟಿನ ಮೇಲೆ ಮೂರನೆಯದೊಂದು ಇತ್ತು: ಇನ್ನೂ ಹೇಳದ ಉತ್ತರ. ಹುಡುಗ ಇನ್ನೊಂದು ಸಂಗತಿ ಹೇಳಿದ. ಟಿಟಿಎಲ್ ಎಂಬ ಹಳೆಯ ಜಾತಿಯ ಐಸಿಗಳು ಏನೂ ಜೋಡಿಸದ ಕಾಲನ್ನು ಸಾಮಾನ್ಯವಾಗಿ ‘ಹೌದು’ ಎಂದೇ ಓದುತ್ತವಂತೆ. ನನಗೆ ತಾಂಬೂಲದ ತಟ್ಟೆ ನೆನಪಾಯಿತು.

ಇದು ಬರೀ ಹಳೆಯ ಕಾಲದ ಮಾತಲ್ಲ. 1994ರಲ್ಲಿ ಕರ್ನಾಟಕವು ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಸಮಪಾಲು ಕೊಟ್ಟಿತು. 2005ರ ಕೇಂದ್ರದ ತಿದ್ದುಪಡಿ ಅದನ್ನು ಮದುವೆಯಾದವರಿಗೂ ಮುಟ್ಟಿಸಿತು. ಆದರೂ ಹಕ್ಕು ಬಿಡುಗಡೆ ಪತ್ರಗಳಿಗೆ ಹೆಣ್ಣುಮಕ್ಕಳ ಸಹಿ ಬೀಳುತ್ತಲೇ ಇದೆ. ಭದ್ರಾವತಿ ಕಡೆಯ ನಮ್ಮ ನೆಂಟರ ಮನೆಯಲ್ಲಿ ಹೀಗೇ ಪತ್ರ ಸಿದ್ಧವಾಗಿತ್ತು. ಮೂವರು ಅಕ್ಕತಂಗಿಯರಲ್ಲಿ ನಡುವಿನವಳು ಏನೂ ಹೇಳಿರಲಿಲ್ಲ. “ಅವಳದ್ದೇನೂ ತಕರಾರಿಲ್ಲ” ಎಂದರು ಅಣ್ಣ. “ಅವಳದ್ದು ಗಂಡನ ಎದುರು ಒಂದು, ನಮ್ಮ ಎದುರು ಒಂದು, ಚಂಚಲೆ” ಎಂದರು ಅತ್ತಿಗೆ. ಎಲ್ಲರೂ ಐಸಿ ಕೆಟ್ಟಿದೆ ಎನ್ನುವವರೇ. ಅಡಿಗೆಮನೆಯಲ್ಲಿ ನಾನು, “ನಿನಗೇನು ಬೇಕು ಮಾರಾಯ್ತಿ?” ಎಂದೆ. ತುಂಬ ಹೊತ್ತಿನ ಮೇಲೆ, “ಅಕ್ಕಾ, ನಂಗೆ ಇಷ್ಟು ವರ್ಷದಲ್ಲಿ ಯಾರೂ ಹಿಂಗೆ ಕೇಳೇ ಇಲ್ಲ” ಎಂದಳು. ಒಂದು ತಿಂಗಳ ಸಮಯ ಕೇಳಿ ಪಡೆದಳು. ಆಮೇಲೆ ಗದ್ದೆಯ ಪಾಲು ಬಿಟ್ಟಳು, ಮನೆಯ ಪಾಲು ಬಿಡಲಿಲ್ಲ. “ನಾಳೆ ನನಗೊಂದು ಬಾಗಿಲು ಇರಲಿ” ಎಂದಳು. ಅಣ್ಣನಿಗೆ ಬೇಸರವಾಯಿತು. ಈಗಲೂ ಇದೆ.

ನಮ್ಮವರು ಇದಕ್ಕೆ ಆಕ್ಷೇಪ ಎತ್ತಿದರು: “ಎಲ್ಲವನ್ನೂ ಬಾಯಿಬಿಟ್ಟು ಕೇಳುತ್ತ ಕೂತರೆ ಅದು ಸಂಸಾರವೋ, ಕೋರ್ಟೋ? ಹೇಳದೇ ತಿಳಿಯುವುದೇ ಅಲ್ಲವೇ ಪ್ರೀತಿ?” ಮಾತಿನಲ್ಲಿ ತಿರುಳಿದೆ. ಅವರ ಕಾಫಿಗೆ ಸಕ್ಕರೆ ಎಷ್ಟೆಂದು ನಾನೆಂದೂ ಕೇಳಿಲ್ಲ. ಆದರೆ ಸಕ್ಕರೆ ಹೆಚ್ಚಾದರೆ ಇನ್ನೊಂದು ಲೋಟ ಮಾಡಬಹುದು. ಮದುವೆ, ಆಸ್ತಿ, ಓದು ಬಿಡಿಸುವುದು, ಇವುಗಳಲ್ಲಿ ಇನ್ನೊಂದು ಲೋಟವಿಲ್ಲ. ತಿರುಗಿ ತಿದ್ದಲಾಗದ ಕಡೆ ಊಹೆಯನ್ನು ಪ್ರೀತಿ ಎಂದು ಕರೆಯಲು ನನಗೆ ಧೈರ್ಯವಿಲ್ಲ.

ಹುಡುಗ ಮಾಡಿದ ರಿಪೇರಿ ಚಿಕ್ಕದು. ಹತ್ತು ಲಕ್ಷ ಓಮ್‌ನ ಒಂದು ರೆಸಿಸ್ಟರಿನಿಂದ ಆ ತಂತಿಯನ್ನು ಸೊನ್ನೆಗೆ ಕಟ್ಟಿದ. ನೀರು ಹೇಳುವವರೆಗೆ ಉತ್ತರ ‘ಇಲ್ಲ’. ಕಡಿಮೆ ಓಮ್‌ನದು ಹಾಕಿದ್ದರೆ ಹಿಡಿತ ಬಿಗಿಯಾಗಿ, ನೀರಿನ ‘ಹೌದು’ ಕೂಡ ಗೇಟಿಗೆ ಕೇಳಿಸುತ್ತಿರಲಿಲ್ಲವಂತೆ. ನನಗೆ ಇಷ್ಟವಾದದ್ದು ಈ ಹದ. ಬಾಯಿ ಬಿಡದವರ ಉತ್ತರವನ್ನು ಸದ್ಯಕ್ಕೆ ‘ಇಲ್ಲ’ ಎಂದೇ ಇಟ್ಟುಕೊಳ್ಳಬೇಕು. ಅವರು ‘ಹೌದು’ ಎನ್ನಲು ಬಂದ ದಿನ ಅಡ್ಡ ನಿಲ್ಲಬಾರದು. ಅಷ್ಟರೊಳಗೆ ಹತ್ತಿರ ಕೂತು, ಒಮ್ಮೆಯಾದರೂ ಕೇಳಬೇಕು.