ಹೆಸರಿಗೊಂದು ಜೀವ

ಅರಕಲಗೂಡಿನಿಂದ ಹೊಳೆನರಸೀಪುರಕ್ಕೆ ಹೋಗುವ ದಾರಿಯ ಕೆರೆಯೊಂದರಲ್ಲಿ, ಜೊಂಡಿಗೆ ಬಲೆ ಬೀಸಿದಾಗ ಸಿಕ್ಕ ಜೌಗು ಜೀರುಂಡೆ ಸಾಸಿವೆ ಕಾಳಿಗಿಂತ ತುಸು ದೊಡ್ಡದು. ದಪ್ಪ ಹಿಂದೊಡೆ, ಚಂಗನೆ ನೆಗೆಯುತ್ತದೆ. ಈವರೆಗಿನ ಯಾವ ವಿವರಣೆಗೂ ಹೊಂದಲಿಲ್ಲ. ಹೊಸ ಪ್ರಭೇದವೇ ಇರಬಹುದು.

“ಇದುನ್ನ ಏನ್ ಮಾಡ್ತೀಯವ್ವಾ?” ದನ ಮೇಯಿಸುತ್ತಿದ್ದ ತಾತ ಕೇಳಿದರು.

“ಹೆಸರಿಡ್ಬೇಕು ತಾತ.”

ಹೇಗೆಂದು ಹೇಳಲಿಲ್ಲ. ಹೊರಗಿನಿಂದ ಒಂದೇ ಥರ ಕಾಣುವ ಈ ಜೀರುಂಡೆಗಳನ್ನು ಬೇರ್ಪಡಿಸಲು ಗಂಡಿನ ಜನನಾಂಗದ ಆಕಾರ ನೋಡಬೇಕು. ಅಂದರೆ ಕೊಂದು, ಹೊಟ್ಟೆ ಬಿಚ್ಚಬೇಕು. ಹೆಸರನ್ನು ಹೊರಲು ಒಂದು ದೇಹ ಸಂಗ್ರಹಾಲಯದಲ್ಲಿ ಉಳಿಯಬೇಕು. 2014ರಲ್ಲಿ ಉತ್ತರ ಕನ್ನಡದ, ಮೊಟ್ಟೆಗೆ ಕೆಸರು ಮೆತ್ತುವ ಕಪ್ಪೆಗೆ ‘ಕುಂಬಾರ’ ಎಂಬ ಹೆಸರು ಬಂತಲ್ಲ, ಎಷ್ಟು ಚೆಂದ! ಆ ಹೆಸರೂ ಹಾಗೆ ಕಾದಿಟ್ಟ ಒಂದು ಕಪ್ಪೆಗೇ ಅಂಟಿಕೊಂಡಿದೆ.

ಕೆರೆಗೆ ಒಂದು ಲೋಡ್ ಮಣ್ಣು ಸುರಿದರೆ ಸಾವಿರಾರು ಸಾಯುತ್ತವೆ, ನಿನ್ನದೇನು ಮಹಾ, ಎನ್ನುತ್ತಾರೆ ಲ್ಯಾಬಿನ ಗೆಳೆಯರು. ನಿಜವೇ. ಆದರೆ ಪಕ್ಕದವನ ಸಾಲ ದೊಡ್ಡದೆಂದು ನನ್ನದು ತೀರುವುದಿಲ್ಲ. ಜೀರುಂಡೆಗೆ ಹೆಸರು ಬೇಕಿಲ್ಲ, ಬೇಕಿರುವುದು ನನಗೆ, ನನ್ನ ಪಿಎಚ್‌ಡಿಗೆ. ಅಷ್ಟೇ ಎಂದು ಕೈತೊಳೆಯಲೂ ಆಗದು. ನಾಳೆ ಆ ಜೌಗನ್ನು ಮುಚ್ಚಲು ಹೊರಟರೆ, ಹೆಸರೇ ಇಲ್ಲದ ಜೀವಕ್ಕಾಗಿ ಅರ್ಜಿ ಬರೆಯುವುದು ಹೇಗೆ?

ಹಾಗಾಗಿ ಈಗ ನನ್ನನ್ನು ಕಾಡುವುದು ಕೊಲ್ಲಬಹುದೇ ಎನ್ನುವುದಕ್ಕಿಂತ ಎಷ್ಟನ್ನು ಎಂಬುದು. ಒಂದೇ ಸಾಲದು, ಪ್ರಭೇದದೊಳಗಿನ ವ್ಯತ್ಯಾಸ ತೋರಿಸಬೇಕು. ಹತ್ತಿದ್ದರೆ ಪ್ರಬಂಧ ಗಟ್ಟಿ. ಇಪ್ಪತ್ತಿದ್ದರೆ ಇನ್ನೂ ಗಟ್ಟಿ. ಆ ಗಟ್ಟಿತನ ಯಾರಿಗಾಗಿ?

ಮೊನ್ನೆ ಬಲೆಯಲ್ಲಿ ಒಂಬತ್ತಿದ್ದವು. ಐದನ್ನು ಸೀಸೆಗೆ ಹಾಕಿ, ನಾಲ್ಕನ್ನು ಜೊಂಡಿಗೆ ಬಿಟ್ಟೆ. ತಾತ ನೋಡುತ್ತಿದ್ದರು. ಐದೇ ಯಾಕೆಂದು ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ.