ಘಟ್ಟ ಹತ್ತಿ ಬರುವ ಮೀನು, ಶಹಾಪುರದ ಅನ್ನ

ಚೋರ್ಲಾ ಘಟ್ಟದ ರಸ್ತೆಯಲ್ಲಿ ಬೆಳಗಿನ ಜಾವ ಎರಡು ಬಗೆಯ ಗಾಡಿಗಳು ಎದುರುಬದುರಾಗುತ್ತವೆ. ಇಳಿಯುವ ಗಾಡಿಯಲ್ಲಿ ಕೊತ್ತಂಬರಿ ಸಿವುಡು, ಎಲೆಕೋಸು, ಹಸಿಮೆಣಸಿನಕಾಯಿ, ಟೊಮೆಟೊ, ಹಾಲು. ಹತ್ತುವ ಗಾಡಿಯಲ್ಲಿ ಐಸು ತುಂಬಿದ ಪೆಟ್ಟಿಗೆಗಳು, ಅವುಗಳೊಳಗೆ ಬಂಗಡೆ, ತಾರ್ಲಿ, ಸುರ್ಮಯಿ. ಕಡಲಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿರುವ ಬೆಳಗಾವಿಗೆ ಸಮುದ್ರದ ಊಟ ದಿನವೂ ಹೀಗೆ ಘಟ್ಟ ಹತ್ತಿ ಬರುತ್ತದೆ. ಕ್ಯಾಂಪಿನ ಫಿಶ್ ಮಾರ್ಕೆಟ್ಟಿನಲ್ಲಿ ಇಳಿದ ಮೀನು ಮಧ್ಯಾಹ್ನದೊಳಗೆ ಕಪಿಲೇಶ್ವರದ ಮೇಲ್ಸೇತುವೆ ದಾಟಿ ಶಹಾಪುರದ ಅಡುಗೆಮನೆಗಳನ್ನು ಸೇರುತ್ತದೆ. ಅದರ ಪಕ್ಕದಲ್ಲಿ ಬಡಿಸುವ ಅನ್ನಕ್ಕೆ ಮಾತ್ರ ಇಷ್ಟು ದೂರದ ಪ್ರಯಾಣವಿಲ್ಲ. ಅದು ಶಹಾಪುರದ ಹೊಲದ್ದೇ, ಇನ್ನೂ ಸಿಗುವ ಮನೆಗಳಲ್ಲಿ. ಕರಾವಳಿಯ ರುಚಿಯನ್ನು ಹಬ್ಬದಂತೆ ಕೊಂಡಾಡುವ ಕಾಲ ಇದು. ಆ ರುಚಿಗೆ ಜತೆಯಾಗಿ ನಿಂತ ನಮ್ಮ ಅನ್ನವನ್ನೂ ಅಷ್ಟೇ ಪ್ರೀತಿಯಿಂದ ನೆನೆಯಬೇಕೆಂದು ನನಗೆ ಅನಿಸುತ್ತದೆ.

ಈ ನಂಟು ಹಳೆಯದು. ರೈಲು ಬರುವ ಮುಂಚೆ ಬೆಳಗಾವಿಗೆ ಬಂದರೆಂದರೆ ವೆಂಗುರ್ಲಾ. ಎತ್ತುಗಳ ಮೇಲೆ ಹೇರು ಹೊರಿಸಿ ರಾಮಘಾಟ ಇಳಿಯುತ್ತಿದ್ದರು. ಮುಂದೆ ಅಂಬೋಲಿಯ ಮೂಲಕ ಗಾಡಿರಸ್ತೆ ಆಯಿತು. ಮೇಲಿನಿಂದ ಹತ್ತಿ, ಕಾಳುಕಡಿ ಇಳಿದವು. ಕೆಳಗಿನಿಂದ ಉಪ್ಪು, ತೆಂಗು, ಒಣಮೀನು ಹತ್ತಿದವು. ನಗರದಲ್ಲಿ ಇವತ್ತಿಗೂ ಒಂದು ರಾಮಘಾಟ ರಸ್ತೆ, ಒಂದು ವೆಂಗುರ್ಲಾ ರಸ್ತೆ ಇವೆ. 1880ರ ದಶಕದಲ್ಲಿ ಲೋಂಡಾ, ಕ್ಯಾಸಲ್‌ರಾಕ್ ದಾಟಿ ಮರ್ಮಗೋವಾ ಬಂದರಿನವರೆಗೆ ಹಳಿ ಬಿದ್ದ ಮೇಲೆ ಅದೇ ವ್ಯಾಪಾರ ಖಾನಾಪುರದ ಕಾಡಿನ ನಡುವೆ ಓಡತೊಡಗಿತು. ಆಗ ಶಹಾಪುರ ಬ್ರಿಟಿಷರ ಬೆಳಗಾವಿಗೆ ಸೇರಿದ ಊರಾಗಿರಲಿಲ್ಲ. ರೈಲು ಹಳಿಯ ಈ ಕಡೆಗೆ ಸಾಂಗಲಿ ಸಂಸ್ಥಾನದ ಪಟವರ್ಧನರ ಪೇಟೆಯಾಗಿ, ನೇಯ್ಗೆಗೆ, ಸರಾಫಿಗೆ, ಕಿರಾಣಿಗೆ ಹೆಸರಾಗಿತ್ತು. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು.

ನಾವು ಇಂದು ನಮ್ಮದೇ ಎಂದು ಎದೆ ತಟ್ಟಿ ಹೇಳುವ ಮೆಣಸಿನಕಾಯಿ, ಗೋಡಂಬಿ, ಪೇರಲ, ಅನಾನಸು ಎಲ್ಲವೂ ಅಮೆರಿಕ ಖಂಡದವು. ಪೋರ್ಚುಗೀಸರ ಹಡಗಿನಲ್ಲಿ ಪಶ್ಚಿಮ ಕರಾವಳಿಗೆ ಬಂದು, ಅಲ್ಲಿಂದ ಘಟ್ಟ ಹತ್ತಿ ನಮ್ಮ ಹಿತ್ತಿಲು ಸೇರಿದವು. ಉತ್ತರ ಕರ್ನಾಟಕದ ಊಟದಿಂದ ಕೆಂಪು ಖಾರವನ್ನು ತೆಗೆದುಬಿಟ್ಟರೆ ಏನು ಉಳಿದೀತೆಂದು ಯೋಚಿಸಿದರೆ ಸಾಕು, ಕಡಲು ನಮಗೆ ಏನು ಕೊಟ್ಟಿದೆಯೆಂಬುದು ತಿಳಿಯುತ್ತದೆ.

ಈ ಕೊಡು–ಕೊಳ್ಳುವಿಕೆ ಎಷ್ಟು ಗಟ್ಟಿಯಾದುದೆಂಬುದು ಅದು ನಿಂತಾಗಲೇ ಗೊತ್ತಾದದ್ದು. ಗೋವೆ ಇನ್ನೂ ಪೋರ್ಚುಗೀಸರ ಕೈಯಲ್ಲಿದ್ದ 1955ರಲ್ಲಿ ಭಾರತ ಸರ್ಕಾರ ಗಡಿ ಮುಚ್ಚಿತು, ರೈಲು ನಿಂತಿತು. ಆಗ ಗೋವೆಯ ಅಡುಗೆಮನೆಗೆ ಆಲೂಗಡ್ಡೆ ಹಾಲೆಂಡಿನಿಂದಲೂ ಅಕ್ಕಿ ಪಾಕಿಸ್ತಾನದಿಂದಲೂ ಹಡಗಿನಲ್ಲಿ ಬರಬೇಕಾಯಿತು. 1961ರ ಡಿಸೆಂಬರಿನಲ್ಲಿ ಗೋವೆ ವಿಮೋಚನೆಯಾದ ಮೇಲೆ ಹಳೆಯ ದಾರಿ ಮತ್ತೆ ತೆರೆಯಿತು. 2020ರ ಲಾಕ್‌ಡೌನಿನ ಮೊದಲ ದಿನಗಳಲ್ಲಿ ಬೆಳಗಾವಿಯ ತರಕಾರಿ ಗಾಡಿಗಳನ್ನು ಗಡಿಯಲ್ಲಿ ತಡೆದಾಗ ಪಣಜಿ, ಮಡಗಾಂವಿನ ಮನೆಗಳು ಒಂದು ಕಟ್ಟು ಪಲ್ಯಕ್ಕೆ ಪರದಾಡಿದವು. ಇತ್ತ ನಮ್ಮ ರೈತರ ಹೊಲದಲ್ಲಿ ಎಲೆಕೋಸು ಕೇಳುವವರಿಲ್ಲದೆ ಒಡೆಯಿತು.

ಖಾನಾಪುರ ತಾಲ್ಲೂಕಿಗೆ ಕಡಲ ತೀರವಿಲ್ಲ, ಆದರೆ ಅದರ ನೀರು ಕಡಲಿಗೆ ಎರಡೂ ಕಡೆಯಿಂದ ಹೋಗುತ್ತದೆ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಮೂಡಣಕ್ಕೆ ಹರಿದು ಕೃಷ್ಣೆಯನ್ನು ಕೂಡುತ್ತಾಳೆ. ಅದೇ ತಾಲ್ಲೂಕಿನ ಕಾಡಿನಲ್ಲಿ ಹುಟ್ಟುವ ಮಹದಾಯಿ ಪಡುವಣಕ್ಕೆ ಇಳಿದು, ಮಾಂಡೋವಿಯೆಂಬ ಹೆಸರಿನಲ್ಲಿ ಪಣಜಿಯ ಬಳಿ ಅರಬ್ಬಿ ಸಮುದ್ರ ಸೇರುತ್ತಾಳೆ. ಆ ನೀರಿನ ಪಾಲಿಗಾಗಿ ರಾಜ್ಯಗಳು ದಶಕಗಳಿಂದ ನ್ಯಾಯಾಧಿಕರಣ, ಸುಪ್ರೀಂ ಕೋರ್ಟು ಎಂದು ಅಲೆದಿವೆ. ಆ ನೀರಿನ ದಂಡೆಯ ಅಡುಗೆಯಲ್ಲಿ ಗಡಿ ಎಲ್ಲಿದೆಯೆಂದು ಬೆರಳಿಟ್ಟು ತೋರಿಸುವವರು ಯಾರೂ ಇಲ್ಲ. ಜಾಂಬೋಟಿಯ ಮನೆಯಲ್ಲಿ ಮಾಡುವ ಸೋಲಕಡಿಯನ್ನೇ ಸಾಂಕಳಿಯಲ್ಲೂ ಮಾಡುತ್ತಾರೆ: ಆಮಸೂಲ ನೆನೆಸಿ ಕಿವುಚಿದ ಕೆಂಪು ನೀರು, ತೆಂಗಿನ ಹಾಲು, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಮೇಲೊಂದಿಷ್ಟು ಕೊತ್ತಂಬರಿ. ಮೀನೂಟದ ಕೊನೆಗೆ ಒಂದು ಲೋಟ ಕುಡಿದರೆ ಹೊಟ್ಟೆಯಲ್ಲಿ ಖಾರ ತಣಿಯುತ್ತದೆ. ಆ ಆಮಸೂಲಕ್ಕೆ ಕೋಕಂ ಹಣ್ಣು ಬಿಡಿಸಿ, ಸಿಪ್ಪೆಗೆ ಉಪ್ಪು ಹಚ್ಚಿ, ಹಣ್ಣಿನದೇ ರಸದಲ್ಲಿ ಅದ್ದಿ ಅದ್ದಿ ಬಿಸಿಲಿಗೆ ಹಾಕುವ ಕೆಲಸ ಮೇ ತಿಂಗಳ ಉರಿಬಿಸಿಲಿನದು. ಮೊದಲ ಮಳೆ ಬೀಳುವುದರೊಳಗೆ ಮುಗಿಯಬೇಕು. ಹೆಚ್ಚಾಗಿ ಮನೆಯ ಹೆಂಗಸರ ಕೈಯದು.

ಅದೇ ಹೊತ್ತಿಗೆ ಕಾಡಂಚಿನಲ್ಲಿ ಕವಳಿಹಣ್ಣು, ಹಲಸು, ಗೋಡಂಬಿ. ಮಳೆ ಹಿಡಿದ ಮೇಲೆ ಜಾಂಬೋಟಿ ದಾರಿಯ ಬದಿಗೆ ಎಲೆಯಲ್ಲಿ ಕಟ್ಟಿದ ಅಣಬೆ, ಕಳಲೆ, ಗದ್ದೆಯ ಏಡಿ. ಜೂನ್ 1ರಿಂದ ಕಡಲಿನಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಬೀಳುತ್ತದೆ. ಆ ಎರಡು ತಿಂಗಳು ಈ ಭಾಗದ ಮನೆಗಳಿಗೆ ಬೇಸಿಗೆಯಲ್ಲಿ ತೆಗೆದಿಟ್ಟ ಒಣಮೀನು, ಹಳ್ಳದ ಮೀನು, ಅಣಬೆಗಳೇ ಆಧಾರ. ಯಾವ ಹೋಟೆಲಿನ ಪಟ್ಟಿಯಲ್ಲೂ ಇಲ್ಲದ ಈ ಮಳೆಗಾಲದ ಊಟವೇ ನನಗೆ ಈ ಸೀಮೆಯ ಬಹಳ ದೊಡ್ಡ ಸಂಪತ್ತೆನಿಸುತ್ತದೆ.

ಗೋಡಂಬಿಯ ಬಗ್ಗೆ ಒಂದು ಮಾತು. ಘಟ್ಟದ ಕೆಳಗೆ ಮಾರ್ಚಿನಿಂದ ಮೇವರೆಗೆ ಗೋಡಂಬಿ ಹಣ್ಣನ್ನು ಹಿಂಡಿ, ರಸ ಹುಳಿಬರಿಸಿ, ಮೊದಲ ಭಟ್ಟಿಯಲ್ಲಿ ಹುರಾಕ, ಮತ್ತೆ ಕಾಯಿಸಿ ಫೆನಿ ಇಳಿಸುತ್ತಾರೆ. ಕುಡಿಯುವವರ, ಕುಡಿಯದವರ ಮಾತು ಬೇರೆ. ಹಣ್ಣು ಮಾತ್ರ ಅಲ್ಲಿ ವ್ಯರ್ಥವಾಗುವುದಿಲ್ಲ. ನಮ್ಮ ಕಡೆ ಬೀಜ ಕಿತ್ತುಕೊಂಡು ಹಣ್ಣನ್ನು ಮರದ ಬುಡದಲ್ಲೇ ಬಿಡುವುದು ಹೆಚ್ಚು. ಕಿತ್ತಳೆಗಿಂತ ಹಲವು ಪಟ್ಟು ಸಿ ಜೀವಸತ್ವ ಇರುವ ಹಣ್ಣು ಅದು. ಕೋಕಂ ಶರಬತ್ತನ್ನು ಊರೂರಿಗೆ ಮುಟ್ಟಿಸಿದ ನಾವು ಗೋಡಂಬಿ ಹಣ್ಣಿನ ಶರಬತ್ತನ್ನು ಖಾನಾಪುರದಲ್ಲಿ ಮಾಡಿ ಮಾರಲು ಏಕಾಗಬಾರದು?

ಬೆಳಗಾವಿಯ ರುಚಿಯೆಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಕುಂದಾ. ಅದರ ತವರೂ ಶಹಾಪುರವೇ ಎಂದು ಊರು ನಂಬಿದೆ. ರಾಜಸ್ಥಾನದಿಂದ ಬಂದ ಜಕ್ಕು ಮಾರವಾಡಿ ಎಂಬ ಮಿಠಾಯಿಗಾರರು ಒಲೆಯ ಮೇಲೆ ಹಾಲಿಟ್ಟು ಮರೆತರು, ಅದು ಬತ್ತಿ ಹೊಸ ಸಿಹಿಯಾಯಿತು ಎಂಬ ಕತೆ ಬಾಯಿಂದ ಬಾಯಿಗೆ ಬಂದಿದೆ. ಕತೆ ಹೇಗಾದರೂ ಇರಲಿ, ಕೆಲಸ ಕಣ್ಣ ಮುಂದಿನದು. ಹಾಲು ಬತ್ತುತ್ತ ಬಂದಾಗ ತುಸು ಮೊಸರು ಬಿದ್ದರೆ ಹಳುಕು ಹಳುಕಾಗಿ ಒಡೆಯುತ್ತದೆ. ಸಕ್ಕರೆ ಕಂದಿ ಕಂದುಬಣ್ಣ ಕೊಡುತ್ತದೆ. ಕೈ ಬಿಡದೆ ತಿರುವಬೇಕು. ಅಷ್ಟು ಹಾಲಿನ ಹಿಂದೆ ಗವಳಿಗರ ಎಮ್ಮೆಗಳಿವೆ. ದೀಪಾವಳಿ ಪಾಡ್ಯದಂದು ಅವರು ಎಮ್ಮೆಗಳಿಗೆ ಬಣ್ಣ ಬಳಿದು, ಕೋಡಿಗೆ ನವಿಲುಗರಿ ಕಟ್ಟಿ ಬೀದಿಯಲ್ಲಿ ಓಡಿಸುವುದನ್ನು ಬೆಳಗಾವಿಯವರೆಲ್ಲ ನಿಂತು ನೋಡುತ್ತಾರೆ. ಒಂದು ಊರು ತನ್ನ ಹಾಲಿಗೆ ಹೀಗೆ ಬಹಿರಂಗವಾಗಿ ಮರ್ಯಾದೆ ಕೊಡುವುದು ನನಗೆ ಬಹಳ ಇಷ್ಟ.

ಮಂಡಿಗೆಗೆ ಅಂಥ ಭಾಗ್ಯ ಕಡಿಮೆಯಾಗುತ್ತಿದೆ. ನಯವಾಗಿ ನಾದಿದ ಗೋಧಿ ಹಿಟ್ಟಿಗೆ ಪುಡಿಸಕ್ಕರೆಯ ಹೂರಣ ತುಂಬಿ, ಲಟ್ಟಿಸಿ, ಎರಡೂ ಕೈಗಳ ಮೇಲೆ ಬೀಸಿ ಬೀಸಿ ಅಗಲ ಮಾಡಿ, ಬೋರಲು ಹಾಕಿದ ಗಡಿಗೆಯ ಬೆನ್ನಿನ ಮೇಲೆ ಬೇಯಿಸಿ, ಬಿಸಿಯಿರುವಾಗಲೇ ಮಡಚಬೇಕು. ಗಡಿಗೆಗಂತೂ ಖಾನಾಪುರದ ಮಣ್ಣು ಹೆಸರುವಾಸಿ. ಕುಂಬಾರಿಕೆ ಕಲಿಸುವ ಸಂಸ್ಥೆಯೇ ಆ ಊರಲ್ಲಿದೆ. ಮನಸ್ಸಿನಲ್ಲಿ ಮಂಡಿಗೆ ತಿನ್ನುವುದು ಎಂದು ಕನ್ನಡಿಗರೆಲ್ಲ ಆಡುತ್ತಾರೆ. ಅದನ್ನು ಬಾಯಲ್ಲಿ ತಿನ್ನಬೇಕೆಂದರೆ ಬೆಳಗಾವಿ ಸೀಮೆಯ ಮದುವೆಮನೆಗೇ ಬರಬೇಕು, ಮಾಡಬಲ್ಲ ಕೈಗಳು ಆ ದಿನ ಸಿಕ್ಕಿದರೆ.

ಈಗ ಅನ್ನಕ್ಕೆ ಬರೋಣ. ಶಹಾಪುರ, ವಡಗಾವಿ, ಅನಗೋಳ, ಯಳ್ಳೂರು ಸುತ್ತಿನ ಎರೆಭೂಮಿಯಲ್ಲಿ ಬೆಳೆಯುವ ಬಾಸುಮತಿಯನ್ನು ಬೆಳಗಾವಿಯ ಮನೆಗಳು ಹೆಸರು ಹಿಡಿದು ಕೇಳುತ್ತವೆ. ಪಶ್ಚಿಮಘಟ್ಟದ ಮಳೆ ಇಲ್ಲಿಯವರೆಗೆ ಧಾರಾಳವಾಗಿ ಬರುತ್ತದೆ, ಎರೆಮಣ್ಣು ಆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಾಳು ಕಟ್ಟುವ ಅಕ್ಟೋಬರ್–ನವೆಂಬರಿನಲ್ಲಿ ರಾತ್ರಿಗಳು ತಂಪಾಗುತ್ತವೆ. ಸುವಾಸನೆಯ ಭತ್ತಕ್ಕೆ ಬೇಕಾದದ್ದೇ ಇದು: ತಂಪಿನಲ್ಲಿ ನಿಧಾನವಾಗಿ ತುಂಬಿದ ಕಾಳಿನಲ್ಲಿ ಪರಿಮಳ ಹೆಚ್ಚು ಉಳಿಯುತ್ತದೆ. ಆ ಪರಿಮಳಕ್ಕೆ ಕಾರಣವಾದ 2-ಅಸಿಟೈಲ್-1-ಪೈರೋಲಿನ್ ಎಂಬ ವಸ್ತುವನ್ನು ವಿಜ್ಞಾನಿಗಳು ಗುರುತಿಸಿದ್ದು 1980ರ ದಶಕದ ಆರಂಭದಲ್ಲಿ. ನಮ್ಮ ರೈತರಿಗೆ ಅದು ಹೊಲದ ಬದುವಿನ ಮೇಲೆ ನಿಂತಾಗಲೇ ಮೂಗಿಗೆ ಗೊತ್ತಿತ್ತು. ಭತ್ತ ಕೊಯ್ದ ಮೇಲೂ ನೆಲ ಖಾಲಿ ಬೀಳುವುದಿಲ್ಲ. ಮಣ್ಣಿನಲ್ಲಿ ಉಳಿದ ಹಸಿಯ ಮೇಲೆ, ಚಳಿಗಾಲದ ಇಬ್ಬನಿಯ ಮೇಲೆ ಮಸೂರ, ಕಡಲೆ, ಬಟಾಣಿ ಬರುತ್ತವೆ. ಆ ಮಸೂರದ ಉಸಳಿ, ಆ ಬಾಸುಮತಿಯ ಅನ್ನ ಒಂದೇ ಹೊಲದವು.

ಬಾಸುಮತಿ ಎಂಬ ಹೆಸರಿಗೆ 2016ರಲ್ಲಿ ಭೌಗೋಳಿಕ ಸೂಚಿ ದೊರೆಯಿತು. ಆ ಪಟ್ಟಿಯಲ್ಲಿರುವುದು ಪಂಜಾಬ್, ಹರಿಯಾಣದಂಥ ಹಿಮಾಲಯದ ತಪ್ಪಲಿನ ಸೀಮೆಗಳು, ಕರ್ನಾಟಕ ಅದರಲ್ಲಿಲ್ಲ. ಅದು ಅವರ ಹಕ್ಕು, ತಕರಾರಿಲ್ಲ. ಆದರೆ ನಮ್ಮ ಅಕ್ಕಿಗೂ ತನ್ನ ನೆಲದ ಹೆಸರಿನಲ್ಲೇ ಒಂದು ಗುರುತು ಬೇಕು. ನೆರೆಯ ಗೋವೆಯನ್ನು ನೋಡಿ: 2009ರಲ್ಲಿ ಫೆನಿಗೆ, 2023ರಲ್ಲಿ ಪದರ ಪದರದ ಸಿಹಿ ಬೆಬಿಂಕಕ್ಕೆ ಭೌಗೋಳಿಕ ಸೂಚಿ ಪಡೆದುಕೊಂಡಿದೆ. ಅಲ್ಲಿನವರು ತಮ್ಮ ಊಟವನ್ನು ಕಾಪಾಡಿಕೊಳ್ಳುವ ಆಸ್ತಿಯೆಂದು ತಿಳಿದಿದ್ದಾರೆ.

ಇಲ್ಲಿ ಆಸ್ತಿಯೆಂದರೆ ಪ್ಲಾಟು ಎಂಬಂತಾಗಿದೆ. ನಗರ ತೆಂಕಣಕ್ಕೆ ಬೆಳೆಯುತ್ತಿದೆ, ಎರೆಭೂಮಿ ಕರಗುತ್ತಿದೆ. ಹಲಗಾ–ಮಚ್ಛೆ ಬೈಪಾಸ್ ರಸ್ತೆ ಹಾದದ್ದು ಇದೇ ಫಲವತ್ತಾದ ಹೊಲಗಳ ನಡುವೆ. ರೈತರು ವರ್ಷಗಟ್ಟಲೆ ಬೀದಿಯಲ್ಲೂ ಕೋರ್ಟಿನಲ್ಲೂ ಹೋರಾಡಿದರು. ಮಳೆ ಜೋರಾದ ವರ್ಷ ಹೂಳು ತುಂಬಿದ ಬಳ್ಳಾರಿ ನಾಲಾ ಉಕ್ಕಿ, ನಾಟಿದ ಭತ್ತ ದಿನಗಟ್ಟಲೆ ನೀರಿನಡಿ ಕೊಳೆಯುತ್ತದೆ. ಮತ್ತೆ ಬಿತ್ತಲು ಬೀಜವಿಲ್ಲ, ಸಮಯವೂ ಇಲ್ಲ. ನಾಲೆಯ ಹೂಳನ್ನು ಮೇ ತಿಂಗಳೊಳಗೆ ತೆಗೆಯಿರಿ ಎಂಬ ರೈತರ ಕೇಳಿಕೆಯಲ್ಲಿ ಯಾವ ಅತಿಯಾಸೆಯೂ ಇಲ್ಲ. ಅದು ಊರಿನ ಅನ್ನದ ಪ್ರಶ್ನೆ. ನಗರದ ಚರಂಡಿ ನೀರೂ ಅದೇ ನಾಲೆಗೆ ಸೇರುತ್ತದೆ.

ಮಾಲ್ವಣಿ, ಗೋವನ್ ಊಟದ ಹೋಟೆಲುಗಳು ಬೆಳಗಾವಿಯಲ್ಲಿ ಹೆಚ್ಚಾಗಿರುವುದು ಸಂತೋಷದ ಸಂಗತಿ. ವಾರಾಂತ್ಯಕ್ಕೆ ಮನೆಮಂದಿಯೆಲ್ಲ ಕೂತು ತಾಟು ತುಂಬ ಮೀನು ತಿನ್ನುವುದನ್ನು ನೋಡಿದರೆ ಮನಸ್ಸು ತುಂಬುತ್ತದೆ. ಆ ಹೋಟೆಲಿನವರಲ್ಲಿ ನನ್ನದೊಂದು ಕೋರಿಕೆ. ಮೀನು ಯಾವ ಬಂದರಿನದೆಂದು ಹೆಮ್ಮೆಯಿಂದ ಬರೆಯುವ ಹಲಗೆಯ ಮೇಲೆ ಅಕ್ಕಿ ಯಾವ ಹೊಲದ್ದೆಂದೂ ಬರೆಯಿರಿ. ವಾರದಲ್ಲಿ ಒಂದು ದಿನವಾದರೂ ಶಹಾಪುರದ, ಯಳ್ಳೂರಿನ ಬಾಸುಮತಿ ಬಡಿಸಿ. ಬೆಲೆ ಹತ್ತು ರೂಪಾಯಿ ಹೆಚ್ಚಾದರೆ ತಿನ್ನುವವರು ಕೊಡುತ್ತಾರೆ. ಇಲ್ಲಿನ ಆಹಾರಮೇಳಗಳನ್ನು ಏರ್ಪಡಿಸುವವರೂ ಒಂದು ಮಳಿಗೆಯನ್ನು ಈ ರೈತರಿಗೆ, ಇನ್ನೊಂದನ್ನು ಖಾನಾಪುರದ ಅಣಬೆ, ಆಮಸೂಲ, ಜಾಂಬೋಟಿಯ ಜೇನು ತರುವ ಹೆಂಗಸರಿಗೆ ಬಾಡಿಗೆಯಿಲ್ಲದೆ ಬಿಡಲಿ.

ಮನೆಗೆ ಕೊಳ್ಳುವವರು ಸುಗ್ಗಿ ಮುಗಿದ ಮೇಲೆ ನೇರವಾಗಿ ರೈತರ ಮನೆಗೇ ಹೋಗಿ ಕೇಳಬಹುದು. ದಲ್ಲಾಳಿಗೆ ಹೋಗುವ ಹಣ ಬೆಳೆದವರಿಗೇ ಉಳಿಯುತ್ತದೆ. ವರ್ಷಕ್ಕಾಗುವಷ್ಟು ಒಂದೇ ಸಲ ತಂದು, ಬೇವಿನ ಸೊಪ್ಪು ಹಾಕಿ ಇಡಿ. ಹೊಸ ಅಕ್ಕಿಗೆ ನೀರು ಕಡಿಮೆ ಸಾಕು, ಅನ್ನ ಮೆತ್ತಗಾಗುತ್ತದೆ. ಹಾಲನ್ನಕ್ಕೆ, ಪಾಯಸಕ್ಕೆ ಅದೇ ಚೆಂದ. ಬಂಗಡೆಯ ಸಾರಿಗೆ ಮಾತ್ರ ವರ್ಷ ತುಂಬಿದ ಹಳೆಯ ಅಕ್ಕಿಯೇ ಆಗಬೇಕು. ಕಾಳು ಕಾಳು ಬಿಡಿಯಾಗಿ ನಿಂತು ಸಾರನ್ನು ಹೀರುತ್ತದೆ.